ಎರಡು ಮನೆಗೊಂದು ಒರತೆ

ಗ್ಲೆನ್ ಓರನ್, ಓಬನ್ ಹತ್ತಿರ
ಜೂನ್ ೯, ಭಾನುವಾರ

ಪ್ರೀತಿಯ ಕತ್ರೀನಾ,

ನೀನೂ ನಮ್ಮ ಐಲಿಯೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಈಸ್ಟರ್‌ನಲ್ಲಿ ನೀನು ಬರೆದ ಕಾಗದಕ್ಕೆ ಇನ್ನೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀ. ಬೈದುಕೋ, ತಪ್ಪು ನನ್ನದೇ. ವಿಷಯವೇನೆಂದರೆ, ನಿನ್ನ ಮಾವನ ಕಾಲು ಮುರಿದಿತ್ತು. ಗಾಬರಿಯಾಗಬೇಡ. ಈಗ ಕೋಲೂರಿಕೊಂಡು ಅಂಗಳದಲ್ಲಿ ಓಡಾಡುತ್ತಾ ನನಗೆ ಅಪ್ಪಣೆ ಕೊಡುವಷ್ಟು ಹುಷಾರಾಗಿದ್ದಾರೆ. ಆಗಲೇ ತಿಳಿಸಿದ್ದರೆ ನೀನು ಕೆಲಸ ಬಿಟ್ಟು ಗ್ಲಾಸ್ಗೋದಿಂದ ಓಡಿ ಬರುತ್ತಿದ್ದೆ. ಅದಕ್ಕೇ ಫೋನಿನಲ್ಲೂ ಬಾಯಿ ಬಿಡಲಿಲ್ಲ.

ಈ ಮನೆ ಕೊಳ್ಳುವಾಗ ನೀನು ಹೇಳಿದ ಮಾತು ನೆನಪಿದೆ. "ಅತ್ತೆ, ಸರ್ಕಾರಿ ನಲ್ಲಿ ನೀರೂ ಬರದ ಮನೇನಾ? ಆ ನೀರಿಗೊಂದು ಗತಿ ಕಾಣಿಸೋವರೆಗೂ ಐಲೀನ ಅಲ್ಲಿಗೆ ಕಳಿಸಲ್ಲ." ಮಗುವಿಗೆ ಹೊಟ್ಟೆ ಕೆಟ್ಟು ನೀನು ಆಸ್ಪತ್ರೆಯಲ್ಲಿ ಕೂತ ದಿನಗಳನ್ನು ಕಂಡವಳು ನಾನು, ನಿನ್ನ ಮಾತನ್ನು ತಪ್ಪು ತಿಳಿಯಲಿಲ್ಲ. ಆದರೆ ನಮ್ಮ ಮಗ ರೋರಿ ತೀರಿಹೋದ ಮೇಲೆ ಪೇಸ್ಲಿಯ ಆ ಮನೆಯಲ್ಲಿ ನಮಗೆ ಉಸಿರಾಡಲು ಆಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ ನಿನ್ನ ಮಾವ ಬಾಗಿಲ ಕಡೆ ತಿರುಗುತ್ತಿದ್ದರು. ಇಲ್ಲಿ ಮೆಟ್ಟಿಲೂ ಇಲ್ಲ, ಸಪ್ಪಳವೂ ಇಲ್ಲ.

ನೀರಿನ ಕಥೆ ಕೇಳು. ಮನೆ ತೋರಿಸಲು ಬಂದ ಹುಡುಗಿ, "ನೀರು ನಿಮ್ಮ ಸ್ವಂತದ್ದು," ಎಂದು ಅರಮನೆ ಮಾರುವವಳ ಹಾಗೆ ಹೇಳಿದಳು. ಸ್ವಂತದ್ದೇನಲ್ಲ. ಒರತೆ ಇರುವುದು ಗುಡ್ಡದ ಮೇಲೆ, ಪಕ್ಕದ ಮನೆಯ ಮುರ್ಡೋನ ಕುರಿಗಳು ಮೇಯುವ ಜಾಗದಲ್ಲಿ. ಅದಕ್ಕೊಂದು ಹಳೆಯ ಕಲ್ಲಿನ ತೊಟ್ಟಿ. ಅಲ್ಲಿಂದ ಹೊರಟ ಕೊಳವೆ ಮೊದಲು ಅವನ ಮನೆಗೆ ಹೋಗಿ, ಅಲ್ಲಿಂದ ನಮ್ಮ ಮನೆಗೆ ಬರುತ್ತದೆ. ಇಬ್ಬರಿಗೂ ಸಮಾನ ಹಕ್ಕು ಅಂತ ಮನೆಯ ಪತ್ರದಲ್ಲಿದೆ. ಪರೀಕ್ಷೆ ಮಾಡಿಸಿದಾಗ ನೀರಿನಲ್ಲಿ ಕುರಿ ಹಿಕ್ಕೆಯ ರೋಗಾಣುಗಳು ಸಿಕ್ಕವು. ಸರಿಮಾಡಿಸಿದರಾಯಿತೆಂದು ಕೊಂಡೆವು. ಬಂದ ದಿನದಿಂದ ನಾನು ಕುಡಿಯುವ ನೀರನ್ನೆಲ್ಲ ಕುದಿಸುತ್ತಾ ಕೂತೆ.

ತೊಟ್ಟಿಯ ಸುತ್ತ ಬೇಲಿ ಹಾಕೋಣವೆಂದು ಮುರ್ಡೋನನ್ನು ಕೇಳಲು ಹೋದೆವು. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ನಮ್ಮನ್ನು ಒಳಗೂ ಕರೆಯಲಿಲ್ಲ.

"ನೀರಿಗೇನಾಗಿದೆ? ನಮ್ಮಜ್ಜಿ ಹುಟ್ಟಿದಾಗಿಂದ ಇದೇ ನೀರು ಕುಡಿದ್ಲು. ತೊಂಬತ್ತು ದಾಟಿದ್ಲು."

"ನಿಮ್ಮಜ್ಜ?" ಎಂದರು ನಿನ್ನ ಮಾವ.

"ಅವನು ನೀರು ಮುಟ್ಟಿದೋನೇ ಅಲ್ಲ. ವಿಸ್ಕಿ."

ನನಗೆ ನಗು ಬಂತು. ನಿನ್ನ ಮಾವನಿಗೆ ಬರಲಿಲ್ಲ. ಜೇಬಿನಿಂದ ಪತ್ರ ತೆಗೆದು ಹಕ್ಕಿನ ಸಾಲನ್ನು ಗಟ್ಟಿಯಾಗಿ ಓದಿದರು. ಮುರ್ಡೋ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಪೇಟೆಯವ್ರು ಗುಡ್ಡ ನೋಡೋಕೆ ಬರ್ತೀರಿ, ಬಂದ ಮೇಲೆ ಗುಡ್ಡದ ಮೇಲಿರೋ ಕುರಿ ಬೇಡ ಅಂತೀರಿ," ಎಂದು ಬಾಗಿಲು ಹಾಕಿಕೊಂಡ.

ಅಲ್ಲಿಂದ ಶುರುವಾಯಿತು ನೋಡು. ಅವನು ಕುರಿಗಳ ಬಾನಿಗೆ ನೀರು ಬಿಟ್ಟನೆಂದರೆ ನಮ್ಮ ನಲ್ಲಿ ಬರೀ ಉಬ್ಬಸ ಪಡುತ್ತಿತ್ತು. ಒಂದು ದಿನ ನಿನ್ನ ಮಾವ ತಲೆಗೆ ಸೋಪು ಹಚ್ಚಿಕೊಂಡಾಗಲೇ ನೀರು ನಿಂತಿತು. ಟವಲು ಸುತ್ತಿಕೊಂಡು, ನೊರೆ ಸುರಿಸುತ್ತಾ, ಅವನ ಬಾಗಿಲಿಗೇ ಹೋದರು. ಮುರ್ಡೋ ಅಡಿಯಿಂದ ಮುಡಿಯವರೆಗೆ ನೋಡಿ, "ಏನ್ ಡೂಗಲ್, ಉಣ್ಣೆ ಕತ್ತರಿಸಬೇಕಾ?" ಎಂದನಂತೆ. ಆಮೇಲೆ ಇಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುವುದು, ಇನ್ನೊಬ್ಬರು ನೆಲ ನೋಡುವುದು.

ಏಪ್ರಿಲ್ ಕೊನೆಯಲ್ಲಿ ನಾನು ಓಬನ್‌ಗೆ ಸಾಮಾನು ತರಲು ಹೋಗಿದ್ದೆ. ಆ ಸಮಯ ನೋಡಿ ನಿನ್ನ ಮಾವ ಹಾರೆ ಹಿಡಿದು ಒಬ್ಬರೇ ಗುಡ್ಡ ಹತ್ತಿದ್ದಾರೆ, ತೊಟ್ಟಿ ತಾವೇ ರಿಪೇರಿ ಮಾಡುತ್ತೇನೆಂದು! ಮೇಲಿನ ಚಪ್ಪಡಿ ಎಬ್ಬಿಸಿದಾಗ ಪಕ್ಕದ ಗೋಡೆ ಕುಸಿಯಿತು. ಇವರು ತೊಟ್ಟಿಯೊಳಗೆ ಬಿದ್ದರು. ಚಪ್ಪಡಿ ಕಾಲ ಮೇಲೆ ಬಿತ್ತು. ಸೊಂಟದವರೆಗೆ ನೀರು. ಆ ನೀರು ಎಷ್ಟು ಕೊರೆಯುತ್ತದೆಂದು ನಿನಗೆ ಗೊತ್ತಿಲ್ಲ, ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುತ್ತದೆ. ಕೂಗಿದರಂತೆ. ಯಾರಿಗೆ ಕೇಳಬೇಕು?

ಅವರನ್ನು ಉಳಿಸಿದ್ದು ಮುರ್ಡೋನ ಚಹಾದ ಚಟ. ಕೆಟಲ್ ತುಂಬಲು ಹೋದರೆ ನಲ್ಲಿಯಲ್ಲಿ ಕೆಸರು. ಇದು ಡೂಗಲನದೇ ಕಿತಾಪತಿಯೆಂದು, ಬೈಗುಳ ಒದರುತ್ತಾ ನಾಲ್ಕು ಚಕ್ರದ ಬೈಕಿನಲ್ಲಿ ಗುಡ್ಡ ಹತ್ತಿದ್ದಾನೆ. ಬಂದು ನೋಡಿದರೆ ಇವರ ತುಟಿ ನೀಲಿ. ಬೈಕಿಗೆ ಹಗ್ಗ ಕಟ್ಟಿ ಚಪ್ಪಡಿ ಎಳೆದು, ನೀರಿಗಿಳಿದು, ಇವರನ್ನು ಎತ್ತಿ, ತನ್ನ ಸ್ವೆಟರ್ ಬಿಚ್ಚಿ ಇವರಿಗೆ ತೊಡಿಸಿ ಕೆಳಗೆ ತಂದ.

ನಾನು ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ಇವರಿಲ್ಲ. ಪಕ್ಕದ ಮನೆಯಿಂದ ಜಗಳದ ದನಿ. ಓಡಿದೆ. ಒಲೆಯ ಮುಂದೆ ಇಬ್ಬರು ಮುದುಕರು ಕಂಬಳಿ ಹೊದ್ದು ಗಡಗಡ ನಡುಗುತ್ತಾ ಬೈದಾಡುತ್ತಿದ್ದರು.

"ಕೇಳ್ದೆ ಕಲ್ಲು ಎತ್ತೋಕೆ ನಿನಗೇನು ಹಕ್ಕಿದೆ?"

"ಕೇಳಿದ್ರೆ ಬಾಗಿಲು ಹಾಕ್ತೀಯಲ್ಲೋ!"

ಇವರ ಕಾಲು ಒಂದು ಪಕ್ಕಕ್ಕೆ ತಿರುಚಿಕೊಂಡಿದ್ದು ಆಗ ಕಂಡಿತು. ಆಂಬುಲೆನ್ಸಿಗೆ ಮುರ್ಡೋ ಆಗಲೇ ಫೋನ್ ಮಾಡಿದ್ದ. ನಾನು ನೆಲದ ಮೇಲೆ ಕುಸಿದು ಅತ್ತುಬಿಟ್ಟೆ, ಕತ್ರೀನಾ. ಇನ್ನೊಬ್ಬರನ್ನು ಕಳಕೊಳ್ಳುವ ಶಕ್ತಿ ನನ್ನಲ್ಲಿಲ್ಲ.

ಇವರು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಗುಡ್ಡದ ಮೇಲೆ ಹೊಸ ತೊಟ್ಟಿ ಎದ್ದಿತ್ತು, ಸುತ್ತ ಬೇಲಿ. ಹೆಚ್ಚಾದ ನೀರು ಕುರಿಗಳಿಗೆಂದು ಕೆಳಗೊಂದು ಬೇರೆ ಬಾನಿಗೆ ಹರಿಯುತ್ತಿತ್ತು. ಬಿಸಿಬಿಸಿ ಸ್ಕೋನ್ ಬನ್ನು ಬೇಯಿಸಿಕೊಂಡು ಮುರ್ಡೋನ ಮನೆಗೆ ಹೋದೆ. ಅಷ್ಟು ಹಟ ಹಿಡಿದವನು ಯಾಕೆ ಮನಸ್ಸು ಬದಲಿಸಿದೆ ಎಂದು ಕೇಳಿದೆ.

ಅವನು ಬೆಣ್ಣೆ ಸವರುತ್ತಾ ಹೇಳಿದ: "ನೀರಲ್ಲಿ ಬಿದ್ಕೊಂಡು ನಿನ್ನ ಗಂಡ ಬಡಬಡಿಸ್ತಿದ್ದ ಕಣಮ್ಮ. 'ಮೊಮ್ಮಗಳು ಬರ್ಬೇಕು, ನೀರು ಸರಿಯಿಲ್ಲ ಅಂದ್ರೆ ಸೊಸೆ ಕಳಿಸಲ್ಲ' ಅಂತ. ಅಲ್ಲಮ್ಮ, ಇದನ್ನ ಮೊದ್ಲೇ ಹೇಳೋಕೆ ನಿಮಗೇನಾಗಿತ್ತು ಧಾಡಿ? ಮಗೂಗೆ ಅಂದಿದ್ರೆ ಅವತ್ತೇ ಬೇಲಿ ಹಾಕ್ತಿದ್ದೆ. ನೀವು ಬಂದು ಕಾನೂನು ಓದಿದ್ರಿ."

ನಾನು ಇನ್ನೊಂದು ಸ್ಕೋನ್ ಕೊಟ್ಟೆ.

ಅಡುಗೆಮನೆಯ ಸಿಂಕಿನ ಕೆಳಗೆ ನೀರನ್ನು ಸೋಸಿ, ವಿಶೇಷ ಬೆಳಕಿನಿಂದ ರೋಗಾಣು ಕೊಲ್ಲುವ ಯಂತ್ರವನ್ನೂ ಹಾಕಿಸಿದ್ದೇವೆ. ಹೋದ ವಾರ ಮತ್ತೆ ಪರೀಕ್ಷೆ ಮಾಡಿಸಿದೆವು. ನೀರು ಶುದ್ಧವಾಗಿದೆ. ಫಲಿತಾಂಶದ ಪ್ರತಿ ಇದರೊಂದಿಗಿದೆ, ನೀನೇ ನೋಡು. ನಿನ್ನ ಮಾವ ಅಂದಿನಿಂದ ಬಂದವರಿಗೆಲ್ಲ ಚಹಾಕ್ಕೆ ಮೊದಲು ಒಂದು ಲೋಟ ನೀರು ಕುಡಿಸುತ್ತಿದ್ದಾರೆ. ಅಂಚೆಯವಳಂತೂ ಈಗ ಪತ್ರಗಳನ್ನು ಗೇಟಿನಲ್ಲೇ ಇಟ್ಟು ಹೋಗುತ್ತಾಳೆ.

ಶಾಲೆಗೆ ರಜೆ ಸಿಕ್ಕ ಕೂಡಲೇ ಐಲಿಯನ್ನು ಕರೆದುಕೊಂಡು ಬಾ. ದೇವರು ನಿಮ್ಮಿಬ್ಬರನ್ನೂ ಬೆಚ್ಚಗೆ ಇಟ್ಟಿರಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಎಲ್ಲವನ್ನೂ ಒಬ್ಬಳೇ ಹೊರಬೇಡ.

ನಿನ್ನ ಪ್ರೀತಿಯ ಅತ್ತೆ,
ಎಫಿ

ತಾ. ಕ.: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಹೋದ ಸಲ ನಾನು ಫೋನ್ ಮಾಡಿದಾಗ ನೀನು ಸ್ನಾನಕ್ಕೆ ಹೋಗಿದ್ದೆ, ಎತ್ತಿದ್ದು ಐಲಿ. "ಅಜ್ಜಿ, ಅಪ್ಪ ನಂಗೆ ಸೈಕಲ್ ಕಲಿಸ್ತಿದಾರೆ," ಎಂದಳು. ಯಾವ ಅಪ್ಪ ಎಂದು ಕೇಳುವ ಧೈರ್ಯವಾಗಲಿಲ್ಲ. "ಜಾಣೆ, ಬೀಳಬೇಡ," ಎಂದು ಫೋನಿಟ್ಟು ಹಿತ್ತಿಲಿಗೆ ಹೋಗಿ ಕೂತೆ. ನಿನ್ನ ಮಾವನಿಗೆ ಹೇಳಿಲ್ಲ. ನಿನ್ನ ಬದುಕಿನಲ್ಲಿ ಮತ್ತೊಬ್ಬರು ಬಂದದ್ದು ನನಗೆ ನೋವಲ್ಲ ಮಗಳೇ. ಚಿಕ್ಕ ವಯಸ್ಸು ನಿನ್ನದು, ಬರಲೇಬೇಕಿತ್ತು. ಆದರೆ ನಮಗೆ ಹೇಳಲು ನೀನು ಹೆದರಿದೆಯಲ್ಲ, ಅದು ಚುಚ್ಚಿತು. ಅವರಿಗೂ ತಂದೆತಾಯಿ ಇರುತ್ತಾರೆ, ಐಲಿಗೆ ಹೊಸ ಅಜ್ಜಿ ಸಿಗುತ್ತಾಳೆ, ಆಮೇಲೆ ನಾವು ಯಾರು ಎಂಬ ಭಯವೂ ಇದೆ, ಸುಳ್ಳೇಕೆ ಹೇಳಲಿ. ಅವರ ಹೆಸರೇನು? ಬರುವಾಗ ಅವರನ್ನೂ ಕರೆದುಕೊಂಡು ಬಾ. ಹಾಸಿಗೆ ಎಷ್ಟು ಹಾಸಲಿ ಎಂದಷ್ಟೇ ಬರೆ.