ರತ್ನಗಂಧಿ ಮನೆಯ ಬಾಗಿಲು

ಏರುಗಡಲಿನ ನೂರ ಹದಿನಾಲ್ಕನೆಯ ವರ್ಷ,
ಸೋಣೆ ತಿಂಗಳ ಮೂವತ್ತೇಳನೆಯ ದಿನ,
ಸೀಗೆಕೊಳ್ಳ ವನ

ಸೀಗೆಕೊಳ್ಳದ ಏಳನೆಯ ಮನೆಯ ಮುಕಾಂಬು ಅಮ್ಮನವರಿಗೆ ನಮಸ್ಕಾರಗಳು.

ಒಂದು ತಿಂಗಳಿಗೆ ಮೂವತ್ತೇಳು ದಿನ ಎಲ್ಲಿಂದ ಬಂದವು ಎಂದು ನಗಬೇಡಿ. ಸುರಿಯುವ ಮಳೆ ನಿಲ್ಲುವವರೆಗೆ ನಾವು ತಿಂಗಳನ್ನು ಮುಗಿಸುವುದಿಲ್ಲ. ನನ್ನ ಮಾತುಗಳೂ ನಿಮಗೆ ಬೇರೆಯವರ ಅಳತೆಗೆ ಹೊಲಿದ ರವಿಕೆಯಂತೆ ಕಾಣಬಹುದು, ಕ್ಷಮಿಸಿ. ನಮ್ಮಲ್ಲಿ ಹಿಂದಂಚೆ ಎಂಬ ಪದ್ಧತಿ ಇದೆ. ವರ್ಷಕ್ಕೊಮ್ಮೆ, ಕಳೆದುಹೋದ ಕಾಲದವರಿಗೆ ಕಾಗದ ಬರೆದು ಉಪ್ಪುಗೆರೆಯ ಬಳಿ ನೀರಿಗೆ ಬಿಡುತ್ತೇವೆ. ಉಪ್ಪುಗೆರೆ ಎಂದರೆ ಕಡಲು ಆ ವರ್ಷ ಎಲ್ಲಿಯವರೆಗೆ ಬಂತು ಎಂದು ತೋರಿಸುವ ಸುಣ್ಣದ ಗುರುತು. ಇಷ್ಟು ವರ್ಷಗಳಲ್ಲಿ ಯಾರಿಗೂ ಉತ್ತರ ಬಂದದ್ದಿಲ್ಲ. ನಾನು ಈವರೆಗೆ ಬರೆದವಳೂ ಅಲ್ಲ.

ನನ್ನ ಹೆಸರು ವಾರಿಜೆ. ನಲವತ್ತೆಂಟು ವಯಸ್ಸು. ಈ ವನದ ಮರುಕಾಡು ವಿಭಾಗದಲ್ಲಿ ಇಪ್ಪತ್ತೈದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮನುಷ್ಯರು ಬಿಟ್ಟುಹೋದ ನೆಲವನ್ನು ಮತ್ತೆ ಕಾಡಿಗೆ ಒಪ್ಪಿಸುವ ಕೆಲಸಕ್ಕೆ ಮರುಕಾಡು ಎನ್ನುತ್ತೇವೆ. ಬೆಳಿಗ್ಗೆ ಕಡಲಿನ ಇಳಿತದ ಗಂಟೆ ಬಾರಿಸಿದ ಮೇಲೆ ಇನ್ನೂರ ಹನ್ನೆರಡು ಮೆಟ್ಟಿಲು ಇಳಿಯುತ್ತೇನೆ, ಭರತದ ಗಂಟೆಗೆ ಮುಂಚೆ ಹತ್ತಿ ಬರುತ್ತೇನೆ. ದಿನಕ್ಕೆ ಎರಡು ಬಿಂದಿಗೆ ಸಿಹಿ ನೀರು ಸಿಗುತ್ತದೆ. ಬಂಗುಡೆ ಎನ್ನುವುದು ನಮ್ಮ ಮಕ್ಕಳಿಗೆ ಒಂದು ಬಣ್ಣದ ಹೆಸರು. ನೀಲಿ ಹಸಿರು ಬೆರೆತು ಮಿನುಗಿದರೆ ಬಂಗುಡೆ ಎನ್ನುತ್ತಾರೆ, ಅದೊಂದು ಮೀನಾಗಿತ್ತು ಎಂದು ಗೊತ್ತಿಲ್ಲದೆ. ಸಂಜೆ ಕೋಣೆಯಲ್ಲಿ ಕೂತು ಹಳೆಯ ಕವಿತೆಗಳನ್ನು ಓದುತ್ತೇನೆ. ಹೊಸ್ತಿಲು ಎಂಬ ಪದ ಅವುಗಳಲ್ಲಿ ಎಷ್ಟೋ ಸಲ ಬಂದಿದೆ. ಅದಕ್ಕೆ ನೆಲದ ಮೇಲೆ ಒಂದು ಜಾಗ ಬೇಕು ಎಂದು ಎಂದೂ ಹೊಳೆದಿರಲಿಲ್ಲ.

ನೀವು ಇದನ್ನು ಓದುವಾಗ ಕೊಳ್ಳದಲ್ಲೇ ಇರುತ್ತೀರಿ. ಗೋಡೆಯಂತೆ ನಿಂತ ಎರಡು ಕೆಂಪು ಮುರಕಲ್ಲಿನ ಗುಡ್ಡಗಳ ನಡುವೆ ಹಳ್ಳ, ಹಳ್ಳದ ಕೊನೆಗೆ ಕಡಲು, ಎರಡೂ ಬದಿ ಮೆಟ್ಟಿಲು ಮೆಟ್ಟಿಲಾಗಿ ಮೂವತ್ತೊಂದು ಮನೆಗಳು. ಮುಂದಿನದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ಒಂದು ಮಳೆಗಾಲದಲ್ಲಿ ಮೇಲಿನ ಗುಡ್ಡ ಬಿರುಕು ಬಿಡುತ್ತದೆ. ಎರಡು ವರ್ಷದ ಮಟ್ಟಿಗೆ ಎಂದು ಹೇಳಿ ನಿಮ್ಮನ್ನೆಲ್ಲ ಘಟ್ಟದ ಬುಡಕ್ಕೆ ಸಾಗಿಸುತ್ತಾರೆ. ನೀವು ಮರಳಿ ಬಾರದಿರಲಿ ಎಂದು ಮನೆಗಳನ್ನು ಕೆಡವಿ ಕಲ್ಲನ್ನು ತಡೆಗೋಡೆಗೆ ಒಯ್ಯುತ್ತಾರೆ. ಆಮೇಲೆ ಬೇಲಿ, ಆಮೇಲೆ ವನ. ತೊಂಬತ್ತು ವರ್ಷ ಕೊಳ್ಳದವರು ಯಾರನ್ನೂ ಒಳಗೆ ಬಿಡಲಿಲ್ಲ, ಈಚೆಗಷ್ಟೇ ಬಿಡುತ್ತಿದ್ದಾರೆ. ಈಗ ಗೇಟಿನ ಬಳಿಯ ಫಲಕದಲ್ಲಿ ಹೀಗಿದೆ: ಮನುಷ್ಯರ ಕೈ ಸೋಕದ ಕಡಲಕೊಳ್ಳ. ಆ ಸಾಲು ಬರೆದವಳು ನಾನು.

ನಿಮ್ಮ ಕೊಳ್ಳದ ಒಂದು ರೂಢಿ ನನಗೆ ಆಗ ತಿಳಿದಿರಲಿಲ್ಲ. ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಒಂದು ಹೂವಿನ ಗಿಡ ತಂದು ಬಾಗಿಲ ಬಲಬದಿಗೆ ನೆಡುತ್ತಿದ್ದಳಂತೆ, ಮನೆಗೆ ಆ ಗಿಡದ ಹೆಸರೇ ನಿಲ್ಲುತ್ತಿತ್ತಂತೆ. ಅಬ್ಬಲಿಗೆ ಮನೆ, ನಂದಬಟ್ಟಲ ಮನೆ, ಕಣಗಿಲೆ ಮನೆ. ಮನೆಗಳು ಹೋದರೂ ಗಿಡಗಳು ಹೋಗಿರಲಿಲ್ಲ. ಒಣಗಿ, ಚಿಗುರಿ, ತಮ್ಮ ಬೀಜದಿಂದ ತಾವೇ ಹುಟ್ಟಿ, ನಿಂತಲ್ಲೇ ನಿಂತಿದ್ದವು. ಇಪ್ಪತ್ತಮೂರರ ವಯಸ್ಸಿನಲ್ಲಿ ನಾನು ಕೆಲಸಕ್ಕೆ ಸೇರಿದಾಗ ಕೈಗೆ ಒಂದು ಪಟ್ಟಿ ಕೊಟ್ಟರು: ಈ ಕೊಳ್ಳದಲ್ಲಿ ಹುಟ್ಟದ, ಹೊರಗಿನಿಂದ ಬಂದ ಗಿಡಗಳು. ಎರಡೇ ಬೇಸಿಗೆಯಲ್ಲಿ ಎಲ್ಲವನ್ನೂ ಬೇರುಸಹಿತ ಕಿತ್ತೆ. ಏಳನೆಯ ಜಾಗದ ರತ್ನಗಂಧಿ ಮಾತ್ರ ಮೂರು ದಿನ ಹಿಡಿಸಿತು. ಬುಡ ನನ್ನ ತೋಳಿನಷ್ಟು ದಪ್ಪವಿತ್ತು. ಕೊನೆಗೆ ಅದು ಕಿತ್ತು ಬಂದಾಗ ನಾನು ಖುಷಿಯಿಂದ ಕೂಗಿದ್ದೆ. ಗುಂಡಿ ಮುಚ್ಚಿ, ಮೇಲೆ ತರಗೆಲೆ ಹರಡಿ, ಗುರುತೂ ಸಿಗದಂತೆ ಮಾಡಿದೆ. ವಿಭಾಗದವರು ನನ್ನನ್ನು ಬಹಳ ಮೆಚ್ಚಿಕೊಂಡರು.

ಹೋದ ತಿಂಗಳು ನಿಮ್ಮ ಮರಿಮಗಳು ಶೇಷಮ್ಮ ಬಂದಿದ್ದರು. ಎಂಬತ್ತು ವಯಸ್ಸು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮುಚ್ಚಳ ಬಿಗಿದ ಹಿತ್ತಾಳೆ ತಂಬಿಗೆ. ಮೆಟ್ಟಿಲು ಇಳಿಯುತ್ತ, ನಾನು ಏನು ಕಲಿತಿದ್ದೇನೆ ಎಂದೆಲ್ಲ ವಿಚಾರಿಸಿ, “ಕಾಡ್ ಬೆಳ್ಸುಕೆ ಇಷ್ಟೆಲ್ಲ ಓದ್ಕಾ ಮಗಾ? ಅದ್ ಅದ್ರಷ್ಟಕ್ಕೇ ಬೆಳಿತ್ತಲೆ!” ಎಂದು ನಕ್ಕರು. ತಂಬಿಗೆಯಲ್ಲಿ ಘಟ್ಟದ ಬುಡದ ಮನೆಯ ಬಾವಿಯ ನೀರಿತ್ತು. ಹೊಸ ಮನೆಯ ಬಾವಿನೀರನ್ನು ಹಳೆಯ ಮನೆಯ ಹೊಸ್ತಿಲಿಗೆ ಹೊಯ್ದ ಮೇಲೆಯೇ ಮನೆ ಬಿಟ್ಟಂತೆ, ಅಲ್ಲಿಯವರೆಗೆ ಮನೆಯವರೆಲ್ಲ ದಾರಿಯಲ್ಲೇ ಇದ್ದಂತೆ ಎಂದು ವಿವರಿಸಿದರು. ನಿಮಗೆ ಇದು ಹೇಳಬೇಕಾಗಿಲ್ಲ. ನಿಮ್ಮನ್ನು ಒಳಗೆ ಬಿಡಲಿಲ್ಲ, ನಿಮ್ಮ ಮಗಳನ್ನು ಬಿಡಲಿಲ್ಲ, ಮೊಮ್ಮಗಳನ್ನೂ ಬಿಡಲಿಲ್ಲ. ಶೇಷಮ್ಮನಿಗೆ ಮಕ್ಕಳಿಲ್ಲ. ಅವರ ನಂತರ ನೀರು ತರುವವರು ಯಾರೂ ಇಲ್ಲ.

“ಬಾಗ್ಲ್ ಬಲಕ್ಕೆ ರತ್ನಗಂಧಿ ಅಂತ ಅಮ್ಮ ಹೇಳ್ತಿದ್ಳ್. ಎಲ್ಲಿತ್ತ್ ಅದ್?” ಎಂದು ಅವರು ಕೇಳಿದರು. ಸುಳ್ಳು ಹೇಳಬಹುದಿತ್ತು. ಯಾವುದೋ ಒಂದು ಕಡೆ ಬೆರಳು ತೋರಿಸಿದ್ದರೆ ಅವರು ನಂಬುತ್ತಿದ್ದರು. ಆಗಲಿಲ್ಲ. ನಾನೇ ಕಿತ್ತೆ ಎಂದೆ.

“ಬೇರ್ ಸಮೇತವಾ?”

ಹೌದು ಎಂದೆ.

“ಹಂಗಾರೆ ನೀನ್ ಕೆಲ್ಸ ಲಾಯ್ಕ್ ಮಾಡಿದ್ದೆ,” ಎಂದರು.

ಬೈದಿದ್ದರೆ ಒಳ್ಳೆಯದಿತ್ತು. ಮಧ್ಯಾಹ್ನದವರೆಗೆ ಇಬ್ಬರೂ ಹುಡುಕಿದೆವು. ಅದೇ ಇಳಿಜಾರಿನಲ್ಲಿ ಎಂಬುದು ನೆನಪಿತ್ತು. ಆದರೆ ಇಪ್ಪತ್ತೈದು ವರ್ಷದಲ್ಲಿ ನಾನೇ ಬೆಳೆಸಿದ ಕಾಡು ಎಲ್ಲ ಕಡೆಯೂ ಒಂದೇ ಥರ ಇತ್ತು. ಇಲ್ಲೇ ಎಲ್ಲಾದರೂ ಹೊಯ್ದುಬಿಡಿ ಎಂದೆ. “ಕಂಡಲ್ಲೆಲ್ಲ ಹೊಯ್ದ್ರೆ ಅದ್ ನೀರ್ ಚೆಲ್ಲಿದಾಂಗ್ ಆತ್ತ್ ಅಷ್ಟೆ,” ಎಂದರು. ಮೇಲೆ ಹತ್ತಿ ಬಂದು ತಂಬಿಗೆಯನ್ನು ನನ್ನ ಕೈಗಿಟ್ಟರು. “ನಂಗಿನ್ ಇಳೂಕ್ ಆತಿಲ್ಲೆ. ಜಾಗ ಸಿಕ್ರೆ ನೀನೇ ಹೊಯ್. ಸಿಕ್ಕದಿದ್ರೆ ಕುಡ್ದ್ ಬಿಡ್, ಸಿಹಿನೀರ್, ಹಾಳ್ ಮಾಡ್ಬೇಡ.”

ಅವರು ಹೋದ ಮೇಲೆ ದಾಖಲೆಯ ಕೋಣೆಯಲ್ಲಿ ಹುಡುಕಿದೆ, ಮನೆಯ ಜಾಗದ ಗುರುತು ಸಿಗಲಿಲ್ಲ. ಕೊಳ್ಳ ತೆರವು ಮಾಡಿಸಿದ ದಿನದ ದನಿಡಬ್ಬಿಗಳಿವೆ, ಎಂದರೆ ಮಾತನ್ನು ಹಿಡಿದಿಟ್ಟ ಪೆಟ್ಟಿಗೆಗಳು. ಅಧಿಕಾರಿಯೊಬ್ಬರು ಮನೆ ನಂಬರು ಕೇಳುತ್ತಾರೆ. ನೀವು, “ನಂಬ್ರ ಎಂತಕ್ಕೆ ಮಾರಾಯ್ರೆ? ರತ್ನಗಂಧಿ ಮನಿ ಅಂದ್ರೆ ಅಂಚಿಯವ್ನಿಗೂ ಗೊತ್ತಿತ್ತ್,” ಎನ್ನುತ್ತೀರಿ. ಸುತ್ತಲಿದ್ದವರು ನಗುತ್ತಾರೆ. ಅಧಿಕಾರಿ ಏಳು ಎಂದು ಬರೆದುಕೊಳ್ಳುತ್ತಾರೆ. ಆ ನಗು ಕೇಳಲೆಂದೇ ಅದನ್ನು ಹಲವು ಸಲ ಹಾಕಿಕೊಂಡಿದ್ದೇನೆ.

ತಂಬಿಗೆ ನನ್ನ ಕಿಟಕಿಯಲ್ಲಿದೆ. ಮುಚ್ಚಳ ಎಷ್ಟು ಬಿಗಿದರೂ ನೀರು ದಿನದಿನಕ್ಕೆ ಇಳಿಯುತ್ತಿದೆ. ಮೇಲೆ ಬೇರೆ ನೀರು ತುಂಬಿಸುವಂತಿಲ್ಲ.

ಅಮ್ಮಾ, ನಿಮ್ಮಲ್ಲಿ ಒಂದು ಬೇಡಿಕೆ ಇದೆ. ರತ್ನಗಂಧಿ ಹಾಗೆಯೇ ಇರಲಿ, ಅದರ ಹೂವನ್ನು ನೀವು ಮುಡಿಯಿರಿ. ಆದರೆ ಅದರ ಪಕ್ಕದಲ್ಲಿ, ಹೊಸ್ತಿಲಿಗೆ ತಾಗಿದ ಹಾಗೆ, ಒಂದು ರೆಂಜೆ ಸಸಿ ನೆಡಿ. ಕೊಳ್ಳದ ಮೇಲ್ಗಡೆಯ ಹಾಡಿಯಲ್ಲಿ, ಮರಗಳ ಗುಂಪಿನ ನಡುವೆ, ಸಿಗುತ್ತದೆ. ಕೆಲವರು ಬಕುಲ ಎನ್ನುವ ಅದು ಇಲ್ಲಿಯದೇ ಮರ, ನನ್ನ ಪಟ್ಟಿಯಲ್ಲಿಲ್ಲ. ಮುಂದೆ ಒಂದು ದಿನ ಗುದ್ದಲಿ ಹಿಡಿದು ಬರುವ ಹುಡುಗಿ ಯಾರ ಮಾತನ್ನೂ ಕೇಳುವವಳಲ್ಲ. ನಿಮ್ಮ ಬಾಗಿಲಲ್ಲಿ ನಿಂತು ಅದು ಬಾಗಿಲೆಂದು ತಿಳಿಯದವಳು. ರೆಂಜೆಯ ಮುಂದೆ ಮಾತ್ರ ಅವಳು ಗುದ್ದಲಿ ಕೆಳಗಿಟ್ಟು, ನೆರಳಲ್ಲಿ ಒಂದು ಗಳಿಗೆ ಕೂತು, ಮುಂದೆ ಹೋಗುತ್ತಾಳೆ. ಮರ ಹೊಸ್ತಿಲ ಬಳಿ ಉಳಿಯುತ್ತದೆ.

ಈಗ ಈ ಕಾಗದ ಮಡಿಸಿ ಉಪ್ಪುಗೆರೆಗೆ ಒಯ್ಯುತ್ತೇನೆ. ನಾಳೆ ಇಳಿತದ ಗಂಟೆಗೆ ತಂಬಿಗೆ ಹಿಡಿದು ಕೊಳ್ಳಕ್ಕೆ ಇಳಿಯುತ್ತೇನೆ. ಆ ಇಳಿಜಾರಿನ ಒಂದೊಂದು ಮರವೂ ನನಗೆ ಗೊತ್ತು, ಅಲ್ಲಿ ರೆಂಜೆ ಇಲ್ಲ. ಆದರೂ ನೆಲದ ಮೇಲೆ ರೆಂಜೆ ಹೂ ಬಿದ್ದಿದೆಯೇ ಎಂದು ನೋಡುತ್ತ ನಡೆಯುತ್ತೇನೆ.

ನಿಮ್ಮ ಬಾಗಿಲು ಕಳೆದವಳು,
ವಾರಿಜೆ