ಮಾವನ ತಲೆಯ ಮೇಲಿನ ಚಾಪೆ

ಸಲಾವೂಲಾ, ಸವಾಯಿ ದ್ವೀಪ, ಸಮೋವಾ
ಗುರುವಾರ, 9 ಜುಲೈ 1987

ಪ್ರೀತಿಯ ಸೊಲೊ ಅಣ್ಣಾ,

ಹೇಗಿದ್ದೀಯ? ಆಕ್ಲೆಂಡಿನಲ್ಲಿ ಈಗ ಚಳಿ ಎಲುಬಿಗೇ ಇಳಿಯುತ್ತದಂತೆ. ಆ ಮಾಂಸದ ಕಾರ್ಖಾನೆಯ ತಣ್ಣನೆ ಕೋಣೆಯಲ್ಲಿ ನಿಂತು ನಿಂತು ನಿನ್ನ ಕೆಮ್ಮು ಹೆಚ್ಚಿಲ್ಲ ತಾನೆ? ಅಮ್ಮ ಎದೆಗೆ ಹಚ್ಚಿಕೊಳ್ಳಲು ಎಣ್ಣೆ ಕಾಯಿಸಿಟ್ಟಿದ್ದಾಳೆ, ಆ ಕಡೆ ಹೊರಟವರು ಯಾರಾದರೂ ಸಿಕ್ಕರೆ ಕಳಿಸುತ್ತಾಳೆ. ಅಪ್ಪ ಎರಡು ಹಲ್ಲು ಕೀಳಿಸಿಕೊಂಡ. ಬೈಗುಳ ಮಾತ್ರ ಇನ್ನೂ ಸ್ಪಷ್ಟವಾಗಿಯೇ ಬರುತ್ತದೆ.

ಕ್ರಿಸ್‌ಮಸ್‌ಗೆ ಬಂದವನೇ ಲಫಾಯೆಲೆಯ ಕಾಲು ಮುರಿಯುತ್ತೇನೆ ಎಂದು ಬರೆದಿದ್ದೀಯ. ಅಣ್ಣಾ, ನನ್ನ ಗಂಡ ಎಸೆತಾಳನ್ನು ಕರೆದುಕೊಂಡು ಆಪಿಯಾ ಪೇಟೆಗೆ ಓಡಿಹೋದ ಮೊದಲ ವಾರ ನೀನು ಹಾಗೆ ಬರೆದಿದ್ದರೆ ದೊಣ್ಣೆಯನ್ನು ನಾನೇ ಕೆತ್ತಿ ಇಡುತ್ತಿದ್ದೆ. ಎಸೆತಾ ಬೇರೆ ಯಾರೋ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಎಂಟು ವರ್ಷದವರಿದ್ದಾಗಿನಿಂದ ಒಂದೇ ಚಾಪೆಯ ಎರಡು ತುದಿ ಹಿಡಿದು ಹೆಣೆದವರು ನಾವು. ಗಂಡ ಹೋದ ನೋವು ಯಾವುದು, ಗೆಳತಿ ಹೋದ ನೋವು ಯಾವುದು, ನನಗೇ ಬಿಡಿಸಲು ಬರುತ್ತಿರಲಿಲ್ಲ. ಏಳು ತಿಂಗಳು ತವರಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ಪಾದ್ರಿಯ ಹೆಂಡತಿ ಬಂದು ಪ್ರಾರ್ಥನೆ ಮಾಡಿದಳು. ಎಣ್ಣೆ ತಿಕ್ಕುವ ಮುದುಕಿ ಪೌಲಿನಾ ಹೊಟ್ಟೆ ಒತ್ತಿ ನೋಡಿ, "ಇದರೊಳಗೆ ರೋಗಾನೂ ಇಲ್ಲ, ಊಟಾನೂ ಇಲ್ಲ ಕಣೇ" ಎಂದು ಅಮ್ಮನನ್ನು ಬೈದು ಹೋದಳು.

ಈಗ ಕೇಳು. ಸೋಮವಾರ ಬೆಳಿಗ್ಗೆ, ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ, ಅಮ್ಮ ನನ್ನನ್ನು ಅಲುಗಾಡಿಸಿ ಎಬ್ಬಿಸಿ ಹೊರಗೆ ಕೈ ತೋರಿಸಿದಳು. ನಮ್ಮ ಅಂಗಳದ ಜಲ್ಲಿಕಲ್ಲಿನ ಮೇಲೆ ಹನ್ನೊಂದು ಜನ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಮುಂದಿದ್ದವನ ತಲೆಯಿಂದ ನೆಲದವರೆಗೆ ಒಂದು ಚಾಪೆ ಹೊದಿಸಿತ್ತು. ಬಟ್ಟೆಯಷ್ಟು ನಯವಾದ, ಅಂಚಿಗೆ ಕೆಂಪು ಗರಿ ಕಟ್ಟಿದ ಹಳೆಯ ಚಾಪೆ. ಇಫೋಗಾ! ತಪ್ಪೊಪ್ಪಿಕೊಳ್ಳಲು ಬಂದಿದ್ದರು. ಅಜ್ಜ ಕತೆ ಹೇಳುತ್ತಿದ್ದನಲ್ಲ, ಚಾಪೆ ತೆಗೆದರೆ ಕ್ಷಮೆ, ತೆಗೆಯದಿದ್ದರೆ ಕತ್ತಿ ಎಂದು. ನಾನು ಕಣ್ಣಾರೆ ಕಂಡದ್ದು ಇದೇ ಮೊದಲು. ಚಾಪೆಯ ಕೆಳಗಿನಿಂದ ಒಂದು ಪಾದ ಕಾಣುತ್ತಿತ್ತು, ಕಿರುಬೆರಳಿಲ್ಲದ ಪಾದ. ಅದು ಮಾವ ಆಪೇಲು! ಸಭೆಯಲ್ಲಿ ಅವರು ಕೋಲೂರಿ ಎದ್ದರೆ ಹತ್ತು ಊರಿನ ಹಿರಿಯರು ಬಾಯಿ ಮುಚ್ಚುತ್ತಾರೆ. ಎಪ್ಪತ್ತೆಂಟು ವರ್ಷ.

ಚಿಕ್ಕಪ್ಪನ ಮಗ ತೂಯಿ ಮಚ್ಚು ಹಿಡಿದು ಓಡಿಬಂದ. "ಇಡೋ ಅದನ್ನ. ತೆಂಗಿನಕಾಯಿ ಕಡಿಯೋಕೆ ಇಟ್ಕೊ" ಎಂದ ಅಪ್ಪ. ಆಮೇಲೆ ಕಂಬಕ್ಕೊರಗಿ ಕೂತ. ಸೂರ್ಯ ಹುಟ್ಟಿದ. ಊರಿನವರೆಲ್ಲ ರಸ್ತೆಯ ಅಂಚಿಗೆ ಬಂದು ನಿಂತರು, ಕೈಗೂಸುಗಳೂ ಅಳಲಿಲ್ಲ. ಒಂದು ಗಂಟೆ, ಎರಡು, ಮೂರು. ಬಿಸಿಲೇರಿತು. ಉಸಿರಿಗೆ ಚಾಪೆ ಏಳುವುದು, ಇಳಿಯುವುದು, ಅಷ್ಟೇ. ಇಂಥ ಮನುಷ್ಯ ನನಗಾಗಿ, ಹೆಣ್ಣೊಬ್ಬಳಿಗಾಗಿ, ಹೀಗೆ ಮುದುಡಿ ಕೂತಿದ್ದಾರೆಂದು ನಂಬಲಾಗಲಿಲ್ಲ.

ಅಪ್ಪ ಕರೆದ. "ಬಾರೇ ಇಲ್ಲಿ. ಚಾಪೆ ತೆಗೆಯೋ ಹಕ್ಕು ನಂದು. ಆದ್ರೆ ಉರಿದಿದ್ದು ನಿನ್ ಹೊಟ್ಟೆ. ಸಂಜೆವರೆಗೂ ಕೂರಿಸು ಅಂದ್ರೆ ಕೂರಿಸ್ತೀನಿ."

ಸುಳ್ಳು ಹೇಳಲಾರೆ, ಒಂದು ಕ್ಷಣ ಕೂರಿಸಬೇಕೆನಿಸಿತು. ಆದರೆ ಕಾಲು ಆಗಲೇ ಅಂಗಳಕ್ಕಿಳಿದಿತ್ತು. ಜಲ್ಲಿ ಸುಡುತ್ತಿತ್ತು. ಎರಡೂ ಕೈಯಲ್ಲಿ ಚಾಪೆ ಎತ್ತಿದೆ. ಬಿಳಿಕೂದಲು ಬೆವರಿಗೆ ತಲೆಗಂಟಿತ್ತು, ಕಣ್ಣು ಬಿಸಿಲಿಗೆ ಮುಚ್ಚಿಹೋಯಿತು. "ನನ್ ಮಗ ಮಾಡಿದ್ದು ನಾನೇ ಮಾಡಿದ್ದಮ್ಮ" ಎಂದರು. "ವಾಪಸ್ ಬಾ ಅಂತ ಕೇಳೋಕೆ ಬಂದಿಲ್ಲ. ನಿಂಗೆ ಅನ್ಯಾಯ ಆಯ್ತು ಅಂತ ಎಲ್ಲರೆದುರು ಹೇಳೋಕೆ ಬಂದೆ." ಈ ಏಳು ತಿಂಗಳಲ್ಲಿ ಯಾರೂ ಆ ಮಾತು ಹೇಳಿರಲಿಲ್ಲ ಅಣ್ಣಾ. ಹೊಂದಿಕೊಂಡು ಹೋಗಬೇಕಿತ್ತು ಎಂದವರೇ ಎಲ್ಲ. "ಒಳಗೆ ಬನ್ನಿ ಮಾವ, ಬಿಸಿಲು" ಎಂದಷ್ಟೇ ನನ್ನ ಬಾಯಿಂದ ಬಂತು. ಆಮೇಲೆ ಅಲ್ಲೇ ಕುಸಿದು, ಅವರ ಹೆಗಲಿಗೆ ಹಣೆಯಿಟ್ಟು, ಊರೆಲ್ಲ ನೋಡುತ್ತಿದ್ದಂತೆ ಅತ್ತುಬಿಟ್ಟೆ.

ಲಫಾಯೆಲೆ ಸಾಲಿನ ಕೊನೆಗಿದ್ದ, ಮಾವ ಆಪಿಯಾದಿಂದ ಕರೆತಂದಿದ್ದರಂತೆ. ಅವನಿಗೆ ಏನೂ ಹೇಳಲಿಲ್ಲ, ಅವನ ಮನೆಗೆ ಹೋಗುವುದೂ ಇಲ್ಲ. ಎಸೆತಾಳ ಹೆಸರು ಕೇಳಿದರೆ ಈಗಲೂ ಚುಚ್ಚುತ್ತದೆ. ಆದರೆ ಅವತ್ತು ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಗೆಡ್ಡೆ ಮೂರು ತುಂಡು ತಿಂದೆ. ಮಧ್ಯಾಹ್ನ ಮಲಗಿದವಳು ಎದ್ದದ್ದು ಮಾರನೆಯ ಬೆಳಿಗ್ಗೆ. ಅಮ್ಮ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದ್ದೀನಾ ಎಂದು ನೋಡಿದಳಂತೆ!

ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ದೇವರು ನಿನ್ನ ಹತ್ತೂ ಬೆರಳನ್ನು ಆ ಯಂತ್ರಗಳಿಂದ ಕಾಯಲಿ.

ನಿನ್ನ ತಂಗಿ,
ಫುವಾತಿನೋ

ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಂಚೆಯವನು ಕಾಯುತ್ತಿದ್ದಾನೆ. ನಿನ್ನ ಹೆಂಡತಿ ಮೆಲೆಯನ್ನೂ ಮಗಳನ್ನೂ ಇಲ್ಲಿ ಬಿಟ್ಟು ನೀನು ಅಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿ ಮೂರು ವರ್ಷವಾಯಿತು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟಿಲ್ಲ. ನಾನೂ ಬಿಟ್ಟಿರಲಿಲ್ಲ. ಮಾವ ಹೋದ ಮೇಲೆ ಅಪ್ಪ ನಮ್ಮ ಮನೆಯ ದೊಡ್ಡ ಚಾಪೆ ಇಳಿಸಿ ಕೊಡವಿದ. ಆಗಸ್ಟ್ ಒಂದು, ಶನಿವಾರ ಬೆಳಿಗ್ಗೆ ಮೆಲೆಯ ತವರಿನ ಅಂಗಳದಲ್ಲಿ ಕೂರುತ್ತಾನಂತೆ. ಮಂಡಿ ಊದಿ ಅವನಿಗೆ ಅರ್ಧ ಗಂಟೆಯೂ ನೆಲದ ಮೇಲೆ ಕೂರಲಾಗುವುದಿಲ್ಲ. ಬೇಡ ಎಂದೆ. "ನನ್ ಮಗ ತಾನೆ" ಎಂದ. ಅವರು ಎಷ್ಟು ಹೊತ್ತು ಕೂರಿಸುತ್ತಾರೋ ಗೊತ್ತಿಲ್ಲ. ಜುಲೈ ಮೂವತ್ತೊಂದರ ಶುಕ್ರವಾರದೊಳಗೆ ಬಾ ಅಣ್ಣಾ.