ಆನ್ ಆರ್ಬರ್‌ನಲ್ಲಿ ಬಡಿದ ರೊಟ್ಟಿ

ವೈನಿ, ನಿಮ್ಮ ರೊಟ್ಟಿ ಇಲ್ಲಿ ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಂತು! ಪಾರ್ಶ್ವವಾಯು ಹೊಡೆದ ನಾರ್ವೆಯ ಅಜ್ಜನೊಬ್ಬನಿಗೆ ನಾನು ಮತ್ತೆ ಮಾತು ಕಲಿಸುತ್ತಿದ್ದೇನೆ. ಇಂಗ್ಲಿಷ್ ಪೂರ್ತಿ ಹೋಗಿದೆ, ತಾಯ್ನುಡಿ ತುಸು ಉಳಿದಿದೆ. ಮೊಮ್ಮಗಳಿಗೆ ಅವರಲ್ಲಿ 'ಬಾರ್ನೆಬಾರ್ನ್' ಎನ್ನುತ್ತಾರಂತೆ. ನಾನು ನಮ್ಮ ಕನ್ನಡದ ರೂಢಿಯಂತೆ ಬಾರ್, ನೆ, ಬಾರ್ನ್ ಎಂದು ಮೂರನ್ನೂ ಒಂದೇ ತೂಕದಲ್ಲಿ ಹೇಳಿಕೊಟ್ಟೆ. ಅಜ್ಜ ಬಾಯಿ ತೆರೆಯಲಿಲ್ಲ. ಮೊದಲನೆಯದಕ್ಕೇ ಒತ್ತು ಬೀಳಬೇಕೆಂದು ಪಕ್ಕದಲ್ಲೇ ಕೂತಿದ್ದ ಅವನ ಮೊಮ್ಮಗಳು ತಿದ್ದಿದಳು. ಆಗ ನೀವು ರೊಟ್ಟಿ ಬಡಿಯುವ ಹಾಗೆ ಮೇಜಿಗೆ ಒಂದು ಗಟ್ಟಿ ಏಟು, ಎರಡು ಹಗುರ ಏಟು ಹಾಕಿದೆ. ಅಜ್ಜನೂ ಬಡಿಯತೊಡಗಿದ, ಅವಳನ್ನೇ ನೋಡುತ್ತ ಪೂರ್ತಿ ಪದ ಹೇಳಿಬಿಟ್ಟ. ಅವಳು ಅತ್ತಳು.

ನನ್ನ ಕೆಮ್ಮು ವಾಸಿಯಾಗಿದೆ, ಅಣ್ಣನಿಗೆ ಹೇಳಿ. "ನಿನ್ನ ಕೈಯಾಗ ಎಲ್ಲಾ ರೊಟ್ಟಿ ಹರೀತಾವ" ಅಂತಿದ್ದಿರಲ್ಲ, ಇದು ಹರಿಯಲಿಲ್ಲ.

ನಿಮ್ಮ ರೋಹಿಣಿ